ಮೈದುನನ ಕೈಗೆ ಕೊಟ್ಟ ನೋಟೀಸು

ನೋಡಿ ಸ್ನೇಹಿತರೇ, ಮೊರಪ್ಪೂರಿನ ನನ್ನ ಜಾಗದಲ್ಲಿ ಅಂಗಡಿ ಕಾಂಪ್ಲೆಕ್ಸ್ ಕಟ್ಟುತ್ತಿರುವ ಬಿಲ್ಡರ್ ಇಂದು ಬೆಳಿಗ್ಗೆ ಬಂದು, ಜಾಗಕ್ಕೆ ಬದಲಾಗಿ ಅಗ್ರಿಮೆಂಟಿನಲ್ಲಿ ನನ್ನ ಪಾಲಿಗೆ ಬರೆದ ಮೂಲೆ ಅಂಗಡಿ ಇನ್ನು ತನ್ನದು ಎಂದ. ಪಾಲು ಬದಲಾಯಿಸುವುದಾಗಿ ನೋಟೀಸು ಕೊಟ್ಟಿದ್ದನಂತೆ, ಗಡುವಿನೊಳಗೆ ನಾನು ಬೇಡ ಎನ್ನಲಿಲ್ಲವಂತೆ, ಹಾಗಾಗಿ ಒಪ್ಪಿದ ಹಾಗೆಯೇ ಅಂತೆ.

"ಯಾರ ಕೈಗ್ ಕೊಟ್ಟೆ?"

"ನಿಮ್ ಮೈದುನಂಗೆ ಅಮ್ಮಾ, ಟೀ ಅಂಗ್ಡೀಲಿ."

ಮೈದುನನನ್ನು ಕರೆದೆ. ತಲೆ ಕೆರೆದುಕೊಂಡ. "ನೋಟೀಸು ಅಂದ ಅತ್ತಿಗೆ. ಯಾರ್ದೋ ಮಗೀಗೆ ಕಿವಿ ಚುಚ್ಚೋ ನೋಟೀಸು ಅನ್ಕೊಂಡು ಮೊಳೆಗೆ ಸಿಕ್ಕಿಸ್ದೆ. ಊಟ ಎಲ್ಲಿ ಅಂತ ಓದಕ್ಕೂ ಕನ್ನಡ್ಕ ಇರ್ಲಿಲ್ಲ."

ನಮ್ಮ ಕಡೆ ಆಮಂತ್ರಣಕ್ಕೂ ನೋಟೀಸು ಎಂದೇ ಹೆಸರು. ಆದರೂ ಅವನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಬಿಲ್ಡರ್ ಬಿಡಲಿಲ್ಲ. "ಮನೆ ಗಂಡಸ್ರ ಕೈಲಿ ಕೊಟ್ರೆ ನಿಮಗ್ ಕೊಟ್ಟಂಗೆ ತಾನೇ?"

"ಅಂಗಾದ್ರೆ ಅಗ್ರಿಮೆಂಟ್‌ಗೆ ಅವನ ಸೈನ್ ಯಾಕ್ ಆಕಿಸ್ಕೊಳ್ಳಿಲ್ಲ? ನೋಟೀಸು ರಿಜಿಸ್ಟರ್ ತಪಾಲಲ್ಲಿ ನನ್ನ ಎಸ್ರಿಗೇ ಬರ್ಬೇಕು ಅಂತ ಅದ್ರಲ್ಲೇ ಐತೆ. ಓಗು, ಓದ್ಕೊಂಡ್ ಬಾ."

ಹೋದ. ಮೂಲೆ ಅಂಗಡಿ ನನ್ನದೇ.

ಜಾಗ ಬೇಕಾದಾಗ ಯಜಮಾನಿಯನ್ನು ಹುಡುಕಿಕೊಂಡು ಬಾಗಿಲಿಗೆ ಬರುತ್ತಾರೆ. ಕಿತ್ತುಕೊಳ್ಳುವಾಗ ಮಾತ್ರ ಇವರ ಕಣ್ಣಿಗೆ ಮೀಸೆ ಇರುವವರೇ ಕಾಣುತ್ತಾರೆ.