ಹತ್ತಿಗೆ ತಿರುಗದ ಕಣ್ಣು

ದನದಿಂದ ಗಿಳಿಯವರೆಗೆ ಎಲ್ಲ ಜೀವಗಳ ವೈದ್ಯವನ್ನೂ ಐದು ವರ್ಷ ಕಲಿತು, ಆಮೇಲೆ ಇನ್ನೈದು ವರ್ಷ ಬರೀ ಕಣ್ಣನ್ನೇ ಕಲಿತವರು ನಮ್ಮ ಡಾಕ್ಟರಮ್ಮ. ಅವರ ತಾಯಿಗೆ ಅದೊಂದು ತಮಾಷೆ. “ಒಟ್ಟು ಹತ್ತು ವರ್ಷ ಓದಿದೆ, ಒಂದೊಂದು ಕಣ್ಣಿಗೆ ಐದೈದು ವರ್ಷ ಆಯ್ತಲ್ಲೇ! ಸದ್ಯ, ಎಂಟು ಕಣ್ಣಿನ ಜೇಡಕ್ಕೆ ಡಾಕ್ಟ್ರಾಗ್ಲಿಲ್ಲ.”

ಪ್ರಾಣಿಗೆ ಕಣ್ಣು ಕಾಣುತ್ತದೆಯೇ ಎಂದು ನೋಡಲು ಡಾಕ್ಟರಮ್ಮನ ಕೋಟಿನ ಜೇಬಿನಲ್ಲಿ ಸದಾ ಒಂದಿಷ್ಟು ಹತ್ತಿ. ಕಲಿಸಿದ ಗುರುಗಳು ಹೇಳಿದ್ದರು: “ಕೈ ಬೀಸಿದ್ರೆ ಗಾಳಿ ತಾಗುತ್ತೆ, ಕರೆದ್ರೆ ಕಿವಿಗೆ ಕೇಳುತ್ತೆ. ಹತ್ತಿ ಬೀಳೋದು ಕಣ್ಣಿಗೆ ಮಾತ್ರ ಗೊತ್ತಾಗೋದು.”

ಒಮ್ಮೆ ಹಾಸಿಗೆ ಹೊಲಿಯುವ ಅಜ್ಜ ತಮ್ಮ ನಾಯಿ ಮುದ್ದಿಯನ್ನು ಎತ್ತಿಕೊಂಡು ಬಂದರು. ಹಿಂದೆ ಅಜ್ಜಿ. ನಾಯಿಯ ಎರಡೂ ಕಣ್ಣಿಗೆ ಪೊರೆ.

“ಗೋಡೆಗೆ ಹಾಯ್ದು ಹಾಯ್ದು ಮೂಲೆ ಸೇರ್ಬಿಟ್ಟಿದಾಳಮ್ಮಾ. ಅನ್ನಾನೂ ಮುಟ್ತಿಲ್ಲ,” ಎಂದರು ಅಜ್ಜ.

ಒಂದು ಕಣ್ಣು ಆಗಲೇ ಕೈಕೊಟ್ಟಿತ್ತು. ಇನ್ನೊಂದರ ಪೊರೆಯನ್ನು ಡಾಕ್ಟರಮ್ಮ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಅಜ್ಜ ಅಜ್ಜಿ ಹದಿನೈದು ದಿನ ಗಡಿಯಾರ ನೋಡಿಕೊಂಡು ಕಣ್ಣಿಗೆ ಔಷಧಿ ಬಿಟ್ಟರು. ಕೊನೆಗೆ ಪರೀಕ್ಷೆಯ ದಿನ ಬಂತು.

ಡಾಕ್ಟರಮ್ಮ ಮುದ್ದಿಯ ಮುಂದೆ ಹತ್ತಿ ಬಿಟ್ಟರು. ಅದು ತೇಲುತ್ತಾ ಇಳಿಯಿತು. ಮುದ್ದಿ ಅಲುಗಲಿಲ್ಲ. ಮತ್ತೊಂದು ಬಿಟ್ಟರು. ಊಹೂಂ. ಅಜ್ಜನ ಮುಖ ಇಳಿಯಿತು. ಹತ್ತು ವರ್ಷದ ಓದೆಲ್ಲ ನೀರಿನಲ್ಲಿ ಹೋಮವಾಯಿತೇ ಎಂದುಕೊಂಡರು ಡಾಕ್ಟರಮ್ಮ.

ಅಜ್ಜಿ ಮಾತ್ರ ಕಿಸಕ್ಕನೆ ನಕ್ಕರು. “ಅಲ್ಲ ಕಣಮ್ಮಾ, ಇವಳು ಕಣ್ಬಿಟ್ಟಾಗಿಂದ ನೋಡಿರೋದೇ ಹತ್ತಿ ಹಾರೋದನ್ನ! ನಮ್ಮನೇಲಿ ಮೂಗಿನ ಮೇಲೆ ಬಿದ್ರೂ ಲೆಕ್ಕಿಸಲ್ಲ. ಹತ್ತಿಗೆ ಯಾವ ಮರ್ಯಾದೆ ಕೊಡ್ತಾಳೆ?”

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಮೇಜಿನ ಮೇಲಿದ್ದ ಔಷಧಿ ಚೀಟಿಯ ಅಂಚಿನಿಂದ ಬೆರಳುಗುರಿನಷ್ಟು ಚೂರು ಹರಿದು, ಸದ್ದಿಲ್ಲದೆ ಮುದ್ದಿಯ ಮುಂದೆ ಬಿಟ್ಟರು.

ಮುದ್ದಿಯ ತಲೆ ಎದ್ದಿತು. ಚೂರು ಎಡಕ್ಕೆ ತೇಲಿದರೆ ಮೂತಿಯೂ ಎಡಕ್ಕೆ. ಬಲಕ್ಕೆ ವಾಲಿದರೆ ಬಲಕ್ಕೆ. ನೆಲ ಮುಟ್ಟುವ ಮೊದಲೇ ಗಬಕ್ಕನೆ ಹಿಡಿದು ಅಗಿದೇಬಿಟ್ಟಿತು.

ಹೋಗುವಾಗ ಮುದ್ದಿ ಎತ್ತಿಸಿಕೊಳ್ಳಲು ಒಪ್ಪಲಿಲ್ಲ. ಬಾಗಿಲ ಬಳಿಯ ತೂಕದ ಯಂತ್ರಕ್ಕೆ ತಾಗದೆ ಪಕ್ಕದಿಂದ ಸರಿದು ತಾನೇ ಹೊರಗೆ ನಡೆಯಿತು. ಕಣ್ಣೊರೆಸಿಕೊಳ್ಳುತ್ತ ಹಿಂದೆ ಬಂದ ಅಜ್ಜ ಮಾತ್ರ ಅದೇ ಯಂತ್ರಕ್ಕೆ ಎಡವಿದರು.

“ಡಾಕ್ಟ್ರಮ್ಮಾ,” ಎಂದರು ಅಜ್ಜಿ, “ಇವರ ಮುಂದೆಯೂ ಒಂದು ಚೂರು ಕಾಗದ ಬಿಡಿ.”