ಬಹಳ ಸಾಧು ಮಗು

ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳ ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಏನೇನಾಯಿತು ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ತಾಲ್ಲೂಕಿನ ಶಿಶುಮರಣ ದರ ಎಂದು ಮೀಟಿಂಗಿನಲ್ಲಿ ಓದುವ ಅಂಕಿಯ ಹಿಂದೆ ಇಂಥ ಮನೆಗಳಿರುತ್ತವೆ. ಎಷ್ಟೋ ತಾಯಂದಿರು ಹೇಳಿದ್ದು ಒಂದೇ ಮಾತು: "ಬಹಳ ಸಾಧು ಮಗು ಮೇಡಂ, ಅಳ್ತಾನೇ ಇರ್ಲಿಲ್ಲ."

ಆ ಮಧ್ಯಾಹ್ನ ದೇವರಮನೆ ಬೆಟ್ಟದ ಕಡೆಯ ಎಸ್ಟೇಟೊಂದರ ಕೂಲಿಯವರ ಲೈನ್ ಮನೆಗಳಿಗೆ ಹೋದಾಗ, ನಾನು ಹುಡುಕಿಕೊಂಡು ಹೋದ ಮನೆಗೆ ಬೀಗ. ಕಾಫಿ ಹಣ್ಣು ಕೊಯ್ಯುವ ಕಾಲ, ಎಲ್ಲರೂ ತೋಟದಲ್ಲಿದ್ದರು. ಪಕ್ಕದ ಮನೆಯ ಅಜ್ಜಿ ನಾನು ಬಂದ ಕಾರಣ ಕೇಳಿ, ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ನಿನ್ನೆಯಷ್ಟೇ ಆಸ್ಪತ್ರೆಯಿಂದ ಕರೆತಂದೆವು ಎಂದರು.

"ಮನೇಲಿ ಮಗು ಇದೆ ಅಂತಾನೇ ಗೊತ್ತಾಗಲ್ಲ. ಬೆಳಿಗ್ಗೆಯಿಂದ ಹಾಲಿಗೂ ಎದ್ದಿಲ್ಲ. ಇವನಮ್ಮ ಹಿಂಗಿರ್ಲಿಲ್ಲ ಮಾರಾಯ್ರೇ, ಕಿರುಚಿ ಕಿರುಚಿ ನನ್ನ ಜೀವ ತಿಂದಿದ್ಲು! ಇವನು ಬಹಳ ಸಾಧು."

ಲೋಟ ಕೆಳಗಿಟ್ಟೆ. "ಅಜ್ಜಿ, ಒಂದ್ಸಲ ಮಗು ನೋಡ್ಲಾ?"

ಅವರ ಮುಖ ಬಿಗಿಯಿತು. "ಪುರುಡು ಕಳೆಯೋವರೆಗೆ ಹೊರಗಿನೋರಿಗೆ ತೋರ್ಸಲ್ಲ. ಅದೂ ನೀವು..." ಸತ್ತ ಮಕ್ಕಳ ಮನೆ ಮನೆ ಅಲೆಯುವವಳ ಕಣ್ಣು ಬೀಳಬಾರದು ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ನಾನು ನೋಡಲ್ಲ. ನೀವೇ ಮುಟ್ಟಿ, ಪಾದ ಬೆಚ್ಚಗಿದೆಯಾ ಹೇಳಿ, ಸಾಕು."

"ಮಲಗಿರೋ ಮಗೂನ ಎಬ್ಬಿಸ್ತಾರಾ?"

"ಎಬ್ಬಿಸಿ ಅಜ್ಜಿ. ಎದ್ರೆ ನಂಗೆ ಬೈದು ಕಳ್ಸಿ."

ಒಳಗಿನಿಂದ ಬಾಣಂತಿಯ ದನಿ ಬಂತು. "ಅಮ್ಮ, ತಣ್ಣಗಿದೆ. ಹೊಟ್ಟೇನೂ ತಣ್ಣಗಿದೆ." ಅಜ್ಜಿ ತಡೆಯುವ ಮೊದಲೇ ಅವಳು ಮಗುವನ್ನೆತ್ತಿಕೊಂಡು ಹೊಸಿಲು ದಾಟಿದಳು. ತುಟಿಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಪಾದ ತಟ್ಟಿದೆ, ಕಣ್ಣು ತೆರೆಯಲಿಲ್ಲ.

ಮಗುವನ್ನು ಅವಳ ರವಿಕೆಯೊಳಗೆ, ಮೈಗೆ ಮೈ ತಾಗುವಂತೆ ಇಟ್ಟು ಮೇಲೆ ಕಂಬಳಿ ಸುತ್ತಿದೆ. ಆಂಬುಲೆನ್ಸಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. ರಸ್ತೆಯಲ್ಲಿ ಹಣ್ಣಿನ ಚೀಲ ಹೇರಿಕೊಂಡು ಬಂದ ಎಸ್ಟೇಟ್ ಜೀಪಿಗೆ ಅಡ್ಡ ನಿಂತೆ. ಡ್ರೈವರ್ ಒಮ್ಮೆ ಬಾಣಂತಿಯನ್ನು ನೋಡಿದ, ಚೀಲಗಳನ್ನು ಅಲ್ಲೇ ಉರುಳಿಸಿದ. "ಲೆಕ್ಕದ ರೈಟರು ಬೈಕೊಳ್ಳಲಿ, ಹತ್ತಿ ಹತ್ತಿ." ಅಜ್ಜಿಯೂ ನಮ್ಮ ಹಿಂದೆಯೇ ಹತ್ತಿದರು.

ಮೂಡಿಗೆರೆ ಆಸ್ಪತ್ರೆಯ ದಾರಿಯುದ್ದಕ್ಕೂ, ತಿರುವು ತಿರುವಿಗೆ ಕಂಬಳಿಯೊಳಗೆ ಕೈ ಹಾಕಿ ಉಸಿರು ಹುಡುಕುತ್ತಿದ್ದೆ. ಒಮ್ಮೆ ಸಿಗಲಿಲ್ಲ.

"ಇದೆಯಾ?" ಎಂದಳು ಬಾಣಂತಿ.

"ಇದೆ" ಎಂದೆ. ಆಮೇಲೆ ಸಿಕ್ಕಿತು. ಆ ನಡುವಿನ ಹೊತ್ತು ಈಗಲೂ ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ವಾಪಸು ಬರುತ್ತದೆ.

ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದರು ಡಾಕ್ಟರು. ಸೂಜಿ ಚುಚ್ಚಿದಾಗಲೂ ಮಗು ಅಳಲಿಲ್ಲ. ಡ್ರಿಪ್ ಹಾಕಿ, ಬೆಚ್ಚಗಿಡುವ ಯಂತ್ರದಡಿ ಮಲಗಿಸಿದರು. ನಾವು ಬಾಗಿಲಾಚೆ ನಿಂತೆವು. ಅಜ್ಜಿ ನನ್ನ ಕಡೆ ತಿರುಗಿ ನೋಡಲಿಲ್ಲ. ಬಹಳ ಹೊತ್ತಾದ ಮೇಲೆ ಒಳಗಿನಿಂದ ಬೆಕ್ಕಿನ ಮರಿಯ ಕೂಗಿನಂಥ ದನಿ ಬಂತು, ನಿಂತಿತು, ಮತ್ತೆ ಬಂತು.

ಅಜ್ಜಿ ಗೋಡೆಗೊರಗಿ ನೆಲದ ಮೇಲೆ ಕೂತರು. "ಅಳು ಮಗಾ, ಇನ್ನೂ ಜೋರಾಗಿ ಅಳು."

"ಗಲಾಟೆ ಮಾಡ್ಬೇಡಿ ಅಜ್ಜಿ" ಎಂದರು ನರ್ಸಮ್ಮ.

"ನೀನು ಸುಮ್ನಿರು ತಾಯಿ, ಅವನು ಅಳಲಿ."

ಡ್ರೈವರ್ ನೀರಿನ ಬಾಟ್ಲಿ ತಂದುಕೊಟ್ಟ. ಅದನ್ನು ಅಜ್ಜಿಯ ಕೈಗಿಟ್ಟು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ.