ಬಿಸ್ಕತ್ತಿನ ಪಟ್ಟಿಯಲ್ಲೊಂದು ಗುಂಡುಸೂಜಿ

ಟೈಲರಕ್ಕ ಸುಮ್ಮನಿರುವುದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಾಗ ಮಾತ್ರ. ಉಳಿದ ಹೊತ್ತೆಲ್ಲ ಅರಳು ಹುರಿದಂತೆ ಮಾತು. ಅಂಗಿಯ ಅಳತೆ ಕೊಡಲು ಬಂದವರು ಸಮುದ್ರದಾಚೆ ಶಾಂತಿಪಡೆಯಲ್ಲಿದ್ದ ಮಗನ ಕಥೆಯನ್ನೂ ಕೇಳಿಯೇ ಹೋಗಬೇಕು.

"ನಮ್ಮೋನು ಉಗ್ರಾಣ ನೋಡ್ಕೊಳ್ತಾನೆ. ಬಂದೂಕು ಮುಟ್ಟೋ ಕೆಲಸಾನೇ ಇಲ್ಲ" ಎಂದು ಎಲ್ಲರಿಗೂ ಹೇಳಿ ಆಕೆ ನೆಮ್ಮದಿಯಾಗಿದ್ದಳು.

ತಿಂಗಳಿಗೊಮ್ಮೆ ಅವನಿಗೂ ಅವನ ಜೊತೆಗಾರರಿಗೂ ಮನೆಯ ಬೆಣ್ಣೆ ಬಿಸ್ಕತ್ತು ಹೋಗುತ್ತಿತ್ತು. ಮೊದಲ ಸಲ ಡಬ್ಬಿಯಲ್ಲಿ ಕಳಿಸಿದ್ದು ಪುಡಿಪುಡಿಯಾಗಿ ತಲುಪಿತು; ಹುಡುಗರು ಚಮಚದಲ್ಲಿ ತಿಂದರಂತೆ. ಟೈಲರಕ್ಕನಿಗೆ ಮಾನ ಹೋದಂತಾಯಿತು. ಮುಂದಿನ ಸಲ ಉದ್ದನೆಯ ಬಟ್ಟೆಯ ಪಟ್ಟಿಗೆ ನಲವತ್ತು ಜೇಬು ಹೊಲಿದು, ಜೇಬಿಗೊಂದು ಬಿಸ್ಕತ್ತು ತುರುಕಿ, ಬಾಯಿಗೆ ಹೊಲಿಗೆ ಹಾಕಿ, ಸುರುಳಿ ಸುತ್ತಿ ಕಳಿಸಿದಳು. ಒಂದೂ ಮುರಿಯಲಿಲ್ಲ.

ಈ ಸಲ ಪಾರ್ಸೆಲ್ ಕೊಟ್ಟು ಬಂದ ಮರುದಿನ ನೋಡಿದರೆ, ಸೂಜಿದಿಂಬಿನಲ್ಲಿ ಹನ್ನೆರಡು ಗುಂಡುಸೂಜಿಯ ಬದಲು ಹನ್ನೊಂದೇ ಇದ್ದವು. ಮಿಷನ್ನಿನ ಕೆಳಗೆ, ಚಿಂದಿಯ ಚೀಲದಲ್ಲಿ, ಎಲ್ಲೂ ಇಲ್ಲ. ಹೊಲಿಗೆ ಹಾಕುವ ಮೊದಲು ಜೇಬಿನ ಬಾಯಿಗೆ ಚುಚ್ಚಿದ್ದು ನೆನಪಾಯಿತು. ಮಗ ಬಿಸ್ಕತ್ತಿನ ಜೊತೆ ಅದನ್ನೂ ನುಂಗಿದರೆ?

ಕೊರಳಲ್ಲಿ ಟೇಪು ನೇತಾಡುತ್ತಿದ್ದ ಹಾಗೇ ಅಂಚೆಕಚೇರಿಗೆ ಓಡಿದಳು.

"ಅಣ್ಣಾ, ನಿನ್ನೆ ಕೊಟ್ಟ ಪಾರ್ಸೆಲ್ ವಾಪಸ್ ಕೊಡಿ."

"ಅದು ಆಗ್ಲೇ ವಿಮಾನ ಹತ್ತಿರುತ್ತೆ ಅಕ್ಕ" ಎಂದ ಗುಮಾಸ್ತ. "ಒಳಗೇನು ಬಿಟ್ರಿ, ಬಂಗಾರಾನಾ?"

"ಗುಂಡುಸೂಜಿ."

ಗುಮಾಸ್ತ ನಕ್ಕುಬಿಟ್ಟ. ಆಕೆಗೆ ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ಫೋನು ಬರುತ್ತಿತ್ತೇ ಹೊರತು ಇಲ್ಲಿಂದ ಮಾಡುವಂತಿರಲಿಲ್ಲ; ಅದೂ ಭಾನುವಾರ ಮಾತ್ರ. ಬಂದ ಭಾನುವಾರ ಲೈನು ಸಿಗಲಿಲ್ಲವೋ ಏನೋ, ಫೋನೇ ಇಲ್ಲ. ಆ ವಾರ ಟೈಲರಕ್ಕನಿಗೆ ಅನ್ನ ಸೇರಲಿಲ್ಲ. ಗಿರಾಕಿಯೊಬ್ಬರ ಪ್ಯಾಂಟಿನ ಒಂದು ಕಾಲು ಗಿಡ್ಡವಾಯಿತು.

ಮರುಭಾನುವಾರ ಫೋನು ಬಂತು.

"ತಿಂದ್ಯೇನೋ? ತಿನ್ಬೇಡ ಕಣೋ, ಒಳಗೆ ಗುಂಡುಸೂಜಿ ಇದೆ!"

"ಗೊತ್ತಮ್ಮ, ಸಿಕ್ತು." ಮಗ ನಗುತ್ತಿದ್ದ. "ಪಟ್ಟಿ ಮೇಜಿನ ಮೇಲಿತ್ತು. ಪಕ್ಕದಲ್ಲೇ ನಮ್ಮ ಲೋಹ ಹುಡುಕೋ ಮಿಷನ್ನು ಪರೀಕ್ಷೆ ಮಾಡ್ತಿದ್ವಿ, ಕುಂಯ್ ಅಂತು. ಹುಡುಗರೆಲ್ಲ ಬಿದ್ದು ಬಿದ್ದು ನಕ್ರು."

ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಏನೋ ಹೊಳೆದು ಕೇಳಿದಳು: "ಉಗ್ರಾಣದಲ್ಲಿ ಅಂಥ ಮಿಷನ್ನು ಯಾಕೋ?"

ಆ ಕಡೆ ನಗು ನಿಂತಿತು.

"ಹೇಳೋ."

"ನೆಲದಲ್ಲಿ ಹೂತಿಟ್ಟ ಬಾಂಬು ಹುಡುಕೋದಕ್ಕಮ್ಮ. ಮಕ್ಕಳು ಸ್ಕೂಲಿಗೆ ಹೋಗೋ ದಾರೀಲೆಲ್ಲ ಹೂತಿದ್ದಾರೆ. ನಾವು ಮುಂದೆ ಹೋಗಿ ತೆಗೀತೀವಿ. ನೀನು ಹೆದರ್ತೀಯ ಅಂತ ಹೇಳಿರ್ಲಿಲ್ಲ."

ಇಷ್ಟು ದಿನ ಒಂದು ಸೂಜಿಗಾಗಿ ಬೆಂದವಳು ಈಗ ಕುರ್ಚಿ ಎಳೆದುಕೊಂಡು ಕೂತಳು. ಅಳು ಬಂತು, ಸಿಟ್ಟೂ ಬಂತು. ಅಷ್ಟು ದೂರ ಇರುವವನನ್ನು ಬೈದು ಆಮೇಲೆ ವಾರವೆಲ್ಲ ಕೊರಗುವುದು ಬೇಡವೆಂದು ಎರಡನ್ನೂ ನುಂಗಿಕೊಂಡಳು.

"ಆ ಮಿಷನ್ನು ಚೆನ್ನಾಗಿ ಕೆಲಸ ಮಾಡುತ್ತೆ ತಾನೇ?"

"ನಿನ್ನ ಗುಂಡುಸೂಜೀನೇ ಬಿಡ್ಲಿಲ್ವಲ್ಲಮ್ಮ."